ಅವ್ಳ ಅಮ್ಮ ಬಂದ್ರೇನೆ?

2025ರ ಜುಲೈ 17ರಂದು ಆಫೀಸಿಗೆ ರಜೆ ಹಾಕಿ ಅಮ್ಮನನ್ನು ಡೆಕೇಟರ್‌ಗೆ ಕರೆದುಕೊಂಡು ಹೋದೆ. ಅಟ್ಲಾಂಟಾ ಪಕ್ಕದ ಊರು ಅದು. ಅಲ್ಲಿ ಹಳೇ ಕೋರ್ಟ್ ಕಟ್ಟಡದ ಮುಂದೆ ಜಾನ್ ಲೂಯಿಸ್ ಅವರ ಕಂಚಿನ ಪ್ರತಿಮೆ ಇದೆ. ಅವರು ತೀರಿಕೊಂಡು ಅವತ್ತಿಗೆ ಸರಿಯಾಗಿ ಐದು ವರ್ಷ. ಅಮ್ಮ ನಮ್ಮ ಹಿತ್ತಲಿನ ಕುಂಡದಲ್ಲಿ ಬಿಟ್ಟಿದ್ದ ಚೆಂಡು ಹೂವು ಕಿತ್ತು, ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ಹತ್ತು ಗಂಟೆಗೇ ಬಿಸಿಲು ಚುರುಗುಟ್ಟುತ್ತಿತ್ತು.

ಲೂಯಿಸ್ ಅವರ ಹೆಸರು ನನಗೆ ಮೊದಲೂ ಗೊತ್ತಿತ್ತು. ನಮ್ಮ ಊರಿನ ಸಂಸದ, ಕಪ್ಪು ಜನರ ಹೋರಾಟದ ದೊಡ್ಡ ನಾಯಕ, ಅಷ್ಟೆ. ಅವರು ನನಗೂ ಬೇಕಾದವರು ಅನ್ನಿಸಿದ್ದು ಒಂದೇ ಒಂದು ರಾತ್ರಿಯಲ್ಲಿ.

2017ರ ಜನವರಿ 28, ಶನಿವಾರ. ಅಮ್ಮ ಮೊದಲ ಸಲ ಅಮೆರಿಕಕ್ಕೆ ಬರುತ್ತಿದ್ದರು. ಇರಾನ್, ಇರಾಕ್, ಸಿರಿಯಾ, ಯೆಮೆನ್, ಸುಡಾನ್, ಸೊಮಾಲಿಯಾ, ಲಿಬಿಯಾ, ಈ ಏಳು ದೇಶದವರು ಒಳಗೆ ಬರುವ ಹಾಗಿಲ್ಲ ಅಂತ ಹಿಂದಿನ ದಿನವಷ್ಟೇ ಅಧ್ಯಕ್ಷರ ಆದೇಶ ಹೊರಬಿದ್ದಿತ್ತು. ವೀಸಾ ಇಟ್ಟುಕೊಂಡು ಆಗಲೇ ವಿಮಾನ ಹತ್ತಿದ್ದವರು ಇಳಿದ ಕಡೆ ಸಿಕ್ಕಿಹಾಕಿಕೊಂಡರು. ನಮ್ಮ ದೇಶ ಲಿಸ್ಟ್‌ನಲ್ಲಿಲ್ಲ, ನಮಗೇನೂ ತೊಂದರೆ ಇಲ್ಲ ಅಂತ ನನ್ನ ಗಂಡ ಬೆಳಿಗ್ಗೆಯಿಂದ ಮೂರು ಸಲ ಹೇಳಿದ್ದರು. ಆ ಮಾತು ಕೇಳಿ ನನಗೂ ಸಮಾಧಾನವಾಗಿತ್ತು.

ಏರ್‌ಪೋರ್ಟಿನಲ್ಲಿ ಪ್ರಯಾಣಿಕರು ಹೊರಗೆ ಬರುವ ಬಾಗಿಲ ಎದುರು ಕಂಬಿ ಹಿಡಿದು ನಿಂತಿದ್ದೆ. ಪಕ್ಕದಲ್ಲಿ ನನ್ನದೇ ವಯಸ್ಸಿನ ಹೆಂಗಸು. ಅವಳ ತೋಳಿನ ಮೇಲೆ ದಪ್ಪ ಉಣ್ಣೆ ಕೋಟು. ಹೊಸದು, ಬೆಲೆಯ ಚೀಟಿ ಇನ್ನೂ ಕಾಲರ್‌ನಿಂದ ನೇತಾಡುತ್ತಿತ್ತು. 'ನಮ್ಮಮ್ಮನಿಗೆ' ಅಂದಳು. ಟೆಹ್ರಾನ್‌ನಿಂದ ಬರುತ್ತಿದ್ದರಂತೆ. ವಿಮಾನ ಇಳಿದು ಮೂರು ಗಂಟೆಯಾಗಿತ್ತು. ಫೋನ್ ಹೋಗುತ್ತಿಲ್ಲ, ಕೇಳಿದರೆ ಯಾರೂ ಹೇಳುತ್ತಿಲ್ಲ. ಬಾಗಿಲು ತೆರೆದಾಗಲೆಲ್ಲ ಅವಳು ತುದಿಗಾಲಲ್ಲಿ ನಿಲ್ಲುತ್ತಿದ್ದಳು. ಕೋಟನ್ನು ಒಂದು ತೋಳಿಂದ ಇನ್ನೊಂದು ತೋಳಿಗೆ ಬದಲಾಯಿಸುತ್ತಿದ್ದಳು.

ನಮ್ಮಮ್ಮ ಬಂದರು. ವೀಲ್‌ಚೇರಿನಲ್ಲಿ, ತಲೆಗೆ ಮಂಕಿ ಕ್ಯಾಪ್ ಹಾಕಿಕೊಂಡು, ಚಟ್ನಿಪುಡಿಯ ಚೀಲ ಮಡಿಲಲ್ಲಿ ಅವುಚಿಕೊಂಡು. ತಬ್ಬಿಕೊಂಡು ಅತ್ತೆ. ಪಕ್ಕದವಳು ನಮ್ಮನ್ನು ನೋಡಿ ನಕ್ಕಳು, ತಕ್ಷಣ ಮುಖ ಆ ಕಡೆ ತಿರುಗಿಸಿಕೊಂಡಳು. ನಾವು ಹೊರಟೆವು.

ಕಾರು ಹೈವೇಗೆ ಬಂದ ಮೇಲೆ ಅಮ್ಮ ಕೇಳಿದರು. "ಕೋಟು ಹಿಡ್ಕೊಂಡು ನಿಂತಿದ್ಲಲ್ಲ ಆ ಹುಡುಗಿ, ಅವಳು ಯಾರಿಗೆ ಕಾಯ್ತಿದ್ಲು?" ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಅವ್ಳ ಅಮ್ಮ ಬಂದ್ರೇನೆ?"

"ಗೊತ್ತಿಲ್ಲಮ್ಮ."

"ಕೇಳ್ಕೊಂಡು ಬರಬೇಕಿತ್ತು ಕಣೆ."

ರಾತ್ರಿ ಟಿವಿ ಹಾಕಿದರೆ ಅದೇ ಏರ್‌ಪೋರ್ಟ್. ಲೂಯಿಸ್ ಅಲ್ಲಿಗೆ ಹೋಗಿದ್ದರು. ಆಗ ಅವರಿಗೆ 76 ವರ್ಷ. ಒಳಗೆ ಎಷ್ಟು ಜನರನ್ನು ತಡೆದಿದ್ದೀರಿ ಅಂತ ಅಧಿಕಾರಿಗಳನ್ನು ಕೇಳಿದರು. ಹೇಳಲಿಲ್ಲ. ಹಾಗಾದರೆ ಇಲ್ಲೇ ಸ್ವಲ್ಪ ಹೊತ್ತು ಕೂತಿರೋಣ ಅಂದವರೇ ಕೂತುಬಿಟ್ಟರು. ನಾನು ಬಿಟ್ಟು ಬಂದ ಜಾಗದಲ್ಲಿ ಅವರು ಕೂತಿದ್ದರು. ಒಳಗಿದ್ದವರು ಅವರ ಮತದಾರರಲ್ಲ, ಜಾತಿ ಜನಾಂಗದವರೂ ಅಲ್ಲ. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಹಾಗೆ ಕೂರುವುದನ್ನು ಅವರು ಇಪ್ಪತ್ತನೇ ವಯಸ್ಸಿಗೇ ಕಲಿತಿದ್ದರು. 1960ರಲ್ಲಿ ನ್ಯಾಶ್‌ವಿಲ್‌ನಲ್ಲಿ, ಬಿಳಿಯರಿಗೆ ಮಾತ್ರ ಊಟ ಕೊಡುವ ಕೌಂಟರುಗಳ ಮುಂದೆ. ಕಲಿಸಿದವರು ಜೇಮ್ಸ್ ಲಾಸನ್. ಅವರು ನಮ್ಮ ನಾಗಪುರದಲ್ಲಿ ಮೂರು ವರ್ಷ ಇದ್ದು, ಗಾಂಧಿಯ ದಾರಿಯನ್ನು ಓದಿಕೊಂಡು ಹೋದವರು. 1965ರ ಮಾರ್ಚ್ 7ರಂದು ಕಪ್ಪು ಜನರ ಮತದಾನದ ಹಕ್ಕಿಗಾಗಿ ಮೆರವಣಿಗೆ ಹೊರಟಾಗ, ಅಲಬಾಮಾದ ಸೆಲ್ಮಾ ಊರಿನ ಸೇತುವೆ ಮೇಲೆ ಪೊಲೀಸರ ಲಾಠಿ ಏಟಿಗೆ ಲೂಯಿಸ್ ತಲೆಬುರುಡೆ ಬಿರುಕುಬಿಟ್ಟಿತು. ಅದೇ ವರ್ಷ ಆಗಸ್ಟ್‌ನಲ್ಲಿ ಮತದಾನ ಹಕ್ಕಿನ ಕಾಯ್ದೆ ಬಂತು. ಅಕ್ಟೋಬರ್‌ನಲ್ಲಿ ಹೊಸ ವಲಸೆ ಕಾಯ್ದೆ ಬಂತು. ಅಲ್ಲಿಯವರೆಗೆ ಭಾರತದವರಿಗೆ ಇದ್ದ ಕೋಟಾ ವರ್ಷಕ್ಕೆ ಬರೀ ನೂರು. ಬಣ್ಣ ನೋಡಿ ಮತ ತಡೆಯುವುದು ತಪ್ಪು ಅಂತ ಒಪ್ಪಿಕೊಂಡ ದೇಶಕ್ಕೆ, ಹುಟ್ಟಿದ ನಾಡು ನೋಡಿ ಬಾಗಿಲು ಹಾಕುವುದನ್ನು ಸಮರ್ಥಿಸಿಕೊಳ್ಳುವುದು ಕಷ್ಟವಾಯಿತು. ನಾವು ಚೆನ್ನಾಗಿ ಓದಿದೆವು, ಕಷ್ಟಪಟ್ಟೆವು, ಬಂದೆವು ಅಂತ ಇಲ್ಲಿ ಹೇಳಿಕೊಳ್ಳುತ್ತೇವೆ. ಸುಳ್ಳಲ್ಲ. ಆದರೆ ಬಾಗಿಲು ತೆಗೆಸಿದವರ ಲೆಕ್ಕವನ್ನು ಬಿಟ್ಟೇ ಬಿಡುತ್ತೇವೆ.

ಆಮೇಲೂ ಅವರು ಸುಮ್ಮನೆ ಕೂರಲಿಲ್ಲ. 1996ರಲ್ಲಿ ಸಲಿಂಗಿಗಳ ಮದುವೆಗೆ ಮಾನ್ಯತೆ ಕೊಡದ ಕಾಯ್ದೆಯನ್ನು ವಿರೋಧಿಸಿದರು. ಆಗ ಅದು ಜನಪ್ರಿಯವಾದ ನಿಲುವಾಗಿರಲಿಲ್ಲ. 2013ರಲ್ಲಿ ವಲಸಿಗರ ಪರವಾಗಿ ವಾಷಿಂಗ್ಟನ್‌ನ ರಸ್ತೆಯಲ್ಲಿ ಬಂಧನಕ್ಕೊಳಗಾದರು. ಆಗ ಅವರು ಎಪ್ಪತ್ತು ದಾಟಿದ ಸಂಸದ.

ಇದನ್ನೆಲ್ಲ ಪ್ರತಿಮೆಯ ಹತ್ತಿರ ಅಮ್ಮನಿಗೆ ಹೇಳಿದೆ. ಪ್ರತಿಮೆ ಹನ್ನೆರಡು ಅಡಿ ಎತ್ತರ. ಎರಡೂ ಕೈ ಎದೆಯ ಮೇಲಿವೆ. 1908ರಿಂದ ಅದೇ ಜಾಗದಲ್ಲಿ ಇನ್ನೊಂದು ಕಲ್ಲುಕಂಬ ಇತ್ತು. ಗುಲಾಮಗಿರಿ ಉಳಿಸಿಕೊಳ್ಳಲು ಯುದ್ಧ ಮಾಡಿದವರ ನೆನಪಿಗೆ ನೆಟ್ಟದ್ದು. 2020ರ ಜೂನ್‌ನಲ್ಲಿ ಅದನ್ನು ಕಿತ್ತರು. 2024ರ ಆಗಸ್ಟ್‌ನಲ್ಲಿ ಇವರು ಬಂದು ನಿಂತರು.

ಅಮ್ಮನಿಗೆ ಎಲ್ಲಕ್ಕಿಂತ ಹಿಡಿಸಿದ್ದು ಕೋಳಿಗಳ ಕತೆ. ಅಲಬಾಮಾದ ಹೊಲದಲ್ಲಿ ಬೆಳೆದ ಹುಡುಗ ಲೂಯಿಸ್ ಕೋಳಿಗಳಿಗೆ ಪ್ರವಚನ ಮಾಡುತ್ತಿದ್ದ. ಮನೆಯಲ್ಲಿ ಕೋಳಿ ಕೊಯ್ದ ದಿನ ಊಟ ಬಿಡುತ್ತಿದ್ದ. ಮೂವತ್ತು ವರ್ಷ ಪ್ರೈಮರಿ ಸ್ಕೂಲ್ ಮೇಡಂ ಆಗಿದ್ದ ಅಮ್ಮ, "ಅಂಥ ಮಕ್ಕಳು ಕ್ಲಾಸಿಗೊಬ್ಬರು ಇರ್ತಾರೆ, ನಾವೇ ಗುರುತು ಹಿಡಿಯಲ್ಲ" ಅಂದರು. ಹೂವನ್ನು ಪ್ರತಿಮೆಯ ಕಾಲ ಬುಡದಲ್ಲಿಟ್ಟು ಕೈಮುಗಿದರು. ನಾಲ್ಕು ಹೂವನ್ನು ಮಾತ್ರ ಬಟ್ಟೆಯಲ್ಲೇ ಉಳಿಸಿಕೊಂಡರು.

ಅಲ್ಲಿಂದ ಕ್ಲಾರ್ಕ್‌ಸ್ಟನ್‌ಗೆ ಹೋಗಬೇಕಿತ್ತು. ಬೇರೆ ಬೇರೆ ದೇಶದ ನಿರಾಶ್ರಿತರು ಜಾಸ್ತಿ ಇರುವ ಊರು, ಡೆಕೇಟರ್‌ನಿಂದ ದೂರವಿಲ್ಲ. ಆ ಜನವರಿ ಆದಮೇಲೆ ತಿಂಗಳಿಗೆರಡು ಸಲ ಅಲ್ಲಿನ ವಯಸ್ಸಾದವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆ. ಅವತ್ತು ಒಬ್ಬರು ಸೊಮಾಲಿ ಅಜ್ಜಿಯ ಕಣ್ಣು ತೋರಿಸಬೇಕಿತ್ತು. ಅಜ್ಜಿ ಹತ್ತಿದ ಕೂಡಲೇ ಅಮ್ಮ ಮುಂದಿನ ಸೀಟು ಬಿಟ್ಟು ಹಿಂದೆ ಹೋಗಿ ಕೂತರು. ಇಬ್ಬರಿಗೂ ಇಂಗ್ಲಿಷ್ ಅಷ್ಟಕ್ಕಷ್ಟೆ. ಅಮ್ಮ ಒದ್ದೆ ಬಟ್ಟೆ ಬಿಚ್ಚಿ ಒಂದು ಹೂವು ಕೊಟ್ಟರು. "ಚೆಂಡು ಹೂವು" ಅಂದರು. ಅಜ್ಜಿ ಮೂಸಿ ನೋಡಿ, ನಿಧಾನವಾಗಿ ತಿರುಗಿ ಹೇಳಿದರು. "ಚೆಂ...ಡು."