ಸಂಜೆಗೊಂದು ಎಲೆ: ಡಿಸೆಂಬರ್ ಲೆಕ್ಕ

ಡಿಸೆಂಬರ್ 1, ಎಡಿನ್‌ಬರೊ

ವರ್ಷದ ಅತಿ ಚಿಕ್ಕ ಹಗಲು ಬರುವ ತನಕ ದಿನಾ ಸಂಜೆ ಟ್ಯಾರೋ ಕಾರ್ಡುಗಳ ಕಟ್ಟಿನಿಂದ ಒಂದು ಎಲೆ ತೆಗೆದು, ಅರ್ಧ ಪುಟ ಬರೆಯುವುದು ಅಂತ ಶುರು ಮಾಡಿದ್ದೇನೆ. ಭವಿಷ್ಯ ಕೇಳುವುದಕ್ಕಲ್ಲ. ಟ್ಯಾರೋ ಹುಟ್ಟಿದ್ದು 15ನೇ ಶತಮಾನದ ಇಟಲಿಯಲ್ಲಿ, ಇಸ್ಪೀಟಿನ ಹಾಗೆ ಆಡುವ ಆಟವಾಗಿ. ಕಣಿ ಹೇಳುವುದು ಎಷ್ಟೋ ಆಮೇಲೆ ಸೇರಿಕೊಂಡಿತು. ಈ ವರ್ಷ ಹೇಗೆ ಕಳೆಯಿತು ಅಂತ ಕೂತು ನೋಡಲು ನನಗೊಂದು ನೆಪ ಬೇಕಿತ್ತು, ಅಷ್ಟೇ.

ಡಿಸೆಂಬರ್ 7

ಮೊದಲ ವಾರ ಸರಿ ಹೋಗಲಿಲ್ಲ. ಎಲೆ ತೆಗೆದ ಕೂಡಲೇ ಪುಸ್ತಕದಲ್ಲಿ ಅರ್ಥ ಹುಡುಕುತ್ತಿದ್ದೆ. ಬರೆದದ್ದೆಲ್ಲ ಪುಸ್ತಕದ ಮಾತೇ. ಇವತ್ತಿನಿಂದ ಪುಸ್ತಕ ಮುಚ್ಚಿಟ್ಟು, ಚಿತ್ರದಲ್ಲಿ ಕಂಡದ್ದನ್ನು ಮೊದಲು ಬರೆಯುತ್ತೇನೆ.

ನನ್ನ ಹತ್ತಿರ ಇರುವುದು 1909ರ ರೈಡರ್-ವೇಟ್ ಚಿತ್ರಗಳ ಕಟ್ಟು. 78 ಎಲೆಗಳಿಗೂ ಚಿತ್ರ ಬರೆದವರು ಪಮೇಲಾ ಕೋಲ್ಮನ್ ಸ್ಮಿತ್. ಹಳೆಯ ಕಟ್ಟುಗಳ ಅಂಕಿಯ ಎಲೆಗಳಲ್ಲಿ ಸಾಮಾನ್ಯವಾಗಿ ಐದು ಬಟ್ಟಲು, ಆರು ಕತ್ತಿ, ಅಷ್ಟೇ ಇರುತ್ತಿತ್ತು. ಈಕೆ ಅಲ್ಲಿಗೂ ಮನುಷ್ಯರನ್ನು, ಅವರ ಪಾಡನ್ನು ತಂದರು. ಆದರೆ ಕಟ್ಟಿಗೆ ಉಳಿದ ಹೆಸರು ಪ್ರಕಾಶಕ ರೈಡರ್ ಮತ್ತು ಕಟ್ಟನ್ನು ರೂಪಿಸಿದ ವೇಟ್ ಅವರದ್ದು. ಇದು ನನಗೆ ನಿಜಕ್ಕೂ ಬೇಜಾರು. ಒಂದು ಎಲೆ ಹಿಡಿದು ಹತ್ತು ನಿಮಿಷ ಕೂತರೆ ಗೊತ್ತಾಗುತ್ತದೆ ಕೆಲಸ ಯಾರದ್ದು ಅಂತ.

ಡಿಸೆಂಬರ್ 14

ಎರಡು ಸಂಜೆ ತಪ್ಪಿತು. ಇವತ್ತು ಹರ್ಮಿಟ್, ಅಂದರೆ ಏಕಾಂತವಾಸಿ. ಹಿಮದ ಮೇಲೆ ನಿಂತ ಮುದುಕ, ಕೈಯಲ್ಲಿ ಲಾಟೀನು. ಹೆಚ್ಚೇನೂ ಹೊಳೆಯಲಿಲ್ಲ, ನಾಲ್ಕು ಸಾಲು ಬರೆದೆ.

ಡಿಸೆಂಬರ್ 18

ಫೈವ್ ಆಫ್ ಪೆಂಟಕಲ್ಸ್, ಅಂದರೆ ಐದು ನಾಣ್ಯಗಳ ಎಲೆ. ಹಿಮ ಬೀಳುತ್ತಿದೆ. ಹರಕು ಶಾಲು ಹೊದ್ದ ಹೆಂಗಸು ಬರಿಗಾಲಲ್ಲಿ ಮುಂದೆ ಹೋಗುತ್ತಿದ್ದಾಳೆ. ಊರುಗೋಲು ಹಿಡಿದವನು ಹಿಂದೆ. ಅವನ ಕೊರಳಲ್ಲಿ ಒಂದು ಗಂಟೆ. ಇಬ್ಬರ ತಲೆ ಮೇಲೆ ಬಣ್ಣದ ಗಾಜಿನ ಕಿಟಕಿ, ಒಳಗೆ ದೀಪ. ಎಷ್ಟು ಸಲ ನೋಡಿದ್ದರೂ ಕಿಟಕಿಯನ್ನೇ ನೋಡುತ್ತಿದ್ದೆ. ಇವತ್ತು ಕಂಡಿದ್ದು ಬೇರೆ: ಮುಂದಿರುವವಳು ಹಿಂದೆ ತಿರುಗಿ ನೋಡುತ್ತಿಲ್ಲ.

ಪೆನ್ನು ತಾನಾಗಿಯೇ ಅಕ್ಕನ ಹೆಸರು ಬರೆಯಿತು. ಅಪ್ಪನ ಮನೆ ಮಾರಿದ ಮೇಲೆ ನಾವಿಬ್ಬರೂ ಸರಿಯಾಗಿ ಮಾತಾಡಿಲ್ಲ. ಅವಳಿಗೂ ಅಷ್ಟೇ ಚಳಿ ಅಲ್ವಾ ಅಂತ ನಾನು ಯೋಚಿಸಿಯೇ ಇರಲಿಲ್ಲ. ಎರಡು ಪುಟ ಆಯಿತು.

ಡಿಸೆಂಬರ್ 21

ಸೂರ್ಯ ಹುಟ್ಟಿದ್ದು 8:42ಕ್ಕೆ, ಮುಳುಗಿದ್ದು 3:40ರ ಹೊತ್ತಿಗೆ. ಹಗಲು 7 ಗಂಟೆಯೂ ಇಲ್ಲ. ಉತ್ತರಾಯಣ ಅಂದರೆ ನಮಗೆ ಸಂಕ್ರಾಂತಿ, ಆದರೆ ಆಕಾಶದಲ್ಲಿ ಸೂರ್ಯ ಉತ್ತರಕ್ಕೆ ತಿರುಗುವುದು ಈ ದಿನವೇ.

ಕೊನೆಯ ದಿನಕ್ಕೆ ಮೂರು ಎಲೆ ಹಾಸಬೇಕು ಅಂದುಕೊಂಡಿದ್ದೆ. ಕಟ್ಟು ಬಿಚ್ಚಲಿಲ್ಲ. 18ರ ಎಲೆಯನ್ನೇ ದೀಪಕ್ಕೆ ಒರಗಿಸಿಟ್ಟೆ. ಮೈಸೂರಿನಲ್ಲಿ ಆಗ ರಾತ್ರಿ ಒಂಬತ್ತೂವರೆ, ಅಕ್ಕ ಊಟ ಮುಗಿಸಿರುವ ಹೊತ್ತು. ಎಳ್ಳು ಬೆಲ್ಲದವರೆಗೂ ಯಾಕೆ ಕಾಯಬೇಕು ಅನ್ನಿಸಿತು.

ಮೂರನೇ ರಿಂಗಿಗೆ ಎತ್ತಿದಳು. "ಏನೇ, ಅಲ್ಲಿ ಕತ್ತಲಾಯ್ತಾ?" ಅಂದಳು.