ಮಾವನ ದಾರಿ, ಮ್ಯಾಪಿನ ದಾರಿ: ದಾವಣಗೆರೆ ಆಟೋ ನಕ್ಷೆ ಎಲ್ಲಿವರೆಗೆ ಬಂತು

ಹೊಸದಾಗಿ ಓದುವವರಿಗೆ ಮೊದಲು ಎರಡು ಮಾತು. ನನ್ನ ಸೋದರಮಾವ ದಾವಣಗೆರೆಯಲ್ಲಿ ಆಟೋ ಓಡಿಸುತ್ತಾರೆ. ಅವರ ತಲೆಯಲ್ಲಿರುವ ದಾರಿಗಳನ್ನು ಕಂಪ್ಯೂಟರಿಗೆ ಇಳಿಸೋಕೆ ಆಗುತ್ತದಾ ಅಂತ ನೋಡುವುದು ನನ್ನ ಹವ್ಯಾಸ. ಮಾವ ಹೇಳುವ ದಾರಿಯನ್ನೇ ಯಂತ್ರವೂ ಹೇಳಬೇಕು. ಹೇಳದಿದ್ದರೆ ಯಾಕೆ ಅಂತ ನನಗೆ ತಿಳಿಯಬೇಕು. ಇದರಿಂದ ಯಾರಿಗೆ ಏನು ಲಾಭ ಅಂತ ಕೇಳಬೇಡಿ. ಸದ್ಯಕ್ಕೆ ಲಾಭ ಆಗುತ್ತಿರುವುದು ಸ್ಟ್ಯಾಂಡ್ ಪಕ್ಕದ ಮಂಡಕ್ಕಿ-ಮಿರ್ಚಿ ಅಂಗಡಿಯವನಿಗೆ ಮಾತ್ರ.

ಬಳಸುತ್ತಿರುವ ಸಾಮಾನು ಹಳೆಯದೇ. ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ನದು. 2004ರಲ್ಲಿ ಶುರುವಾದ, ಯಾರು ಬೇಕಾದರೂ ತಿದ್ದಬಹುದಾದ ನಕ್ಷೆ. ಜಿಯೋಫ್ಯಾಬ್ರಿಕ್ ತಾಣದಲ್ಲಿ ದಕ್ಷಿಣ ಭಾರತದ ಕಡತ ಸಿಗುತ್ತದೆ. ಅದನ್ನು ಇಳಿಸಿಕೊಂಡು ದಾವಣಗೆರೆ ಸುತ್ತಲಿನ ತುಂಡನ್ನು ಮಾತ್ರ ಕತ್ತರಿಸಿಕೊಂಡಿದ್ದೇನೆ. ದಾರಿ ಹುಡುಕುವುದು ಓಎಸ್‌ಆರ್‌ಎಂ ಅನ್ನುವ ತಂತ್ರಾಂಶ. ಪುಕ್ಕಟೆ ಸಿಗುತ್ತದೆ, ಇಷ್ಟು ಸಣ್ಣ ತುಂಡಾದರೆ ಹಳೇ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಒಂದು ಕಟ್ಟುನಿಟ್ಟು ಮಾತ್ರ ಇದೆ. ಬೇರೆ ಕಂಪನಿಯ ಮ್ಯಾಪ್ ನೋಡಿ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ನಕಲು ಹೊಡೆಯುವ ಹಾಗಿಲ್ಲ, ಹಕ್ಕುಸ್ವಾಮ್ಯ ಅಡ್ಡ ಬರುತ್ತದೆ. ಮಾವನ ತಲೆಗೆ ಆ ತಕರಾರಿಲ್ಲ.

ಲಂಡನ್ನಿನಿಂದ ತಂದ ಉಪಾಯ

ಮಾವನಿಗೆ ‘ನಿಮಗೆ ಗೊತ್ತಿರೋ ರಸ್ತೆ ಹೇಳಿ ಮಾಮ’ ಅಂದರೆ ಏನೂ ಬರುವುದಿಲ್ಲ. ಸುಮ್ನೆ ಮುಖ ನೋಡುತ್ತಾರೆ. ‘ಕೆ.ಆರ್. ಮಾರ್ಕೆಟ್‌ನಿಂದ ನಿಟುವಳ್ಳಿಗೆ ಬಾಡಿಗೆ ಬಂದಿದೆ’ ಅಂದರೆ ಸಾಕು, ತಿರುವು ತಿರುವೂ ಸರಾಗ ಬರುತ್ತದೆ.

ಇದಕ್ಕೆ ಲಂಡನ್ನಿನಲ್ಲಿ ಒಂದು ಪದ್ಧತಿಯೇ ಇದೆ. ಅಲ್ಲಿನ ಕಪ್ಪು ಟ್ಯಾಕ್ಸಿ ಓಡಿಸಬೇಕಾದರೆ ‘ದಿ ನಾಲೆಜ್’ ಅನ್ನುವ ಪರೀಕ್ಷೆ ಪಾಸಾಗಬೇಕು. ಅದು 1865ರಿಂದ ನಡೆದುಕೊಂಡು ಬಂದಿದೆ. ಚೇರಿಂಗ್ ಕ್ರಾಸ್ ಸುತ್ತ ಆರು ಮೈಲಿ ಒಳಗಿನ ಸುಮಾರು 25,000 ಬೀದಿಗಳು ತಲೆಯಲ್ಲಿರಬೇಕು. ಹಾಗಂತ ಬೀದಿ ಹೆಸರು ಉರುಹೊಡೆದು ಕೂರುವುದಿಲ್ಲ. ಇಂಥಲ್ಲಿಂದ ಇಂಥಲ್ಲಿಗೆ ಅಂತ 320 ಓಟಗಳನ್ನು ಮಾಡಿಟ್ಟಿದ್ದಾರೆ. ಸ್ಕೂಟರಿನಲ್ಲಿ ಅವನ್ನು ಓಡಿಯೇ ಕಲಿಯುತ್ತಾರೆ. ಎರಡೂ ತುದಿಯ ಸುತ್ತ ಕಾಲು ಮೈಲಿಯಲ್ಲಿ ಏನೇನಿದೆ ಅಂತಲೂ ನೋಡಿಟ್ಟುಕೊಳ್ಳುತ್ತಾರೆ. ನಾನೂ ಹಾಗೇ ದಾವಣಗೆರೆಗೆ ಒಂದು ಓಟದ ಪಟ್ಟಿ ಮಾಡಿದೆ. ರೈಲ್ವೆ ಸ್ಟೇಷನ್‌ನಿಂದ ಬಾಪೂಜಿ ಆಸ್ಪತ್ರೆ, ಹೊಂಡದ ಸರ್ಕಲ್‌ನಿಂದ ವಿದ್ಯಾನಗರ, ಚೌಕಿಪೇಟೆಯಿಂದ ಎಪಿಎಂಸಿ, ಹೀಗೆ. ಮಾವ ಬಾಯಲ್ಲಿ ಹೇಳುತ್ತಾರೆ, ನಾನು ರೆಕಾರ್ಡ್ ಮಾಡಿಕೊಂಡು ಆಮೇಲೆ ನಕ್ಷೆಯ ಮೇಲೆ ಗೆರೆ ಎಳೆಯುತ್ತೇನೆ. ಅದೇ ಓಟವನ್ನು ಓಎಸ್‌ಆರ್‌ಎಂಗೂ ಕೇಳುತ್ತೇನೆ.

ಆ ಲಂಡನ್ ಚಾಲಕರ ಮೆದುಳನ್ನು ಮೆದುಳು ವಿಜ್ಞಾನಿ ಎಲೀನರ್ ಮಗೈರ್ ಅವರ ತಂಡ ಸ್ಕ್ಯಾನ್ ಮಾಡಿ ನೋಡಿತ್ತು. ದಾರಿ ನೆನಪಿಡುವ ಹಿಪೊಕ್ಯಾಂಪಸ್ ಅನ್ನುವ ಭಾಗದ ಹಿಂಬದಿ ಅವರಲ್ಲಿ ಬೇರೆಯವರಿಗಿಂತ ದೊಡ್ಡದಾಗಿತ್ತು ಅಂತ 2000ದಲ್ಲಿ ಪ್ರಕಟಿಸಿದರು. ಮಾವನಿಗೆ ಹೇಳಿದೆ. ‘ಅದಕ್ಕೇ ನೋಡು ನಂಗೆ ಹೆಲ್ಮೆಟ್ ಹಿಡಿಸಲ್ಲ’ ಅಂದರು.

ಹಳಿ ದಾಟುವ ಲೆಕ್ಕ

ಎರಡೂ ದಾರಿ ಒಂದರ ಮೇಲೊಂದು ಇಟ್ಟು ನೋಡಿದಾಗ ಮೊದಲು ಕಣ್ಣಿಗೆ ಬಿದ್ದದ್ದು ಇದು. ಹೊಸ ಊರಿನ ಒಳಗೇ ಶುರುವಾಗಿ ಅಲ್ಲೇ ಮುಗಿಯುವ ಓಟಗಳಲ್ಲಿ ಇಬ್ಬರಿಗೂ ಅಂಥ ಜಗಳ ಇಲ್ಲ. ಪಿ.ಜೆ. ಬಡಾವಣೆಯಿಂದ ಎಂಸಿಸಿ ಬಿ ಬ್ಲಾಕ್‌ಗೆ ಹೋಗುವುದಕ್ಕೆ ಎಷ್ಟು ದಾರಿ ಇದ್ದರೂ ಹೆಚ್ಚುಕಡಿಮೆ ಎಲ್ಲವೂ ಒಂದೇ. ಜಗಳ ಬರುವುದು ಹಳೇ ಊರಿನಿಂದ ಹೊಸ ಊರಿಗೆ ಬರುವಾಗ. ನಡುವೆ ರೈಲು ಹಳಿ ಇದೆಯಲ್ಲ!

ಅಶೋಕ ಟಾಕೀಸ್ ಹತ್ತಿರದ ರೈಲ್ವೆ ಗೇಟು ಊರನ್ನು ಎಷ್ಟು ವರ್ಷ ಕಾಯಿಸಿತು ಅಂತ ದಾವಣಗೆರೆಯವರಿಗೆ ಹೇಳಬೇಕಾಗಿಲ್ಲ. ಆ ಗೇಟಿನ ಕಾಲದಲ್ಲಿ ಮಾವನಿಗೆ ರೈಲಿನ ವೇಳಾಪಟ್ಟಿ ಬಾಯಿಪಾಠ. ಯಾವ ರೈಲು ಹರಿಹರ ಬಿಟ್ಟಿರಬಹುದು ಅಂತ ಲೆಕ್ಕ ಹಾಕಿ, ಗೇಟು ಬೀಳುವ ಮೊದಲೇ ಬೇರೆ ಕಡೆ ಹ್ಯಾಂಡಲ್ ತಿರುಗಿಸುತ್ತಿದ್ದರು. ಆ ಅಭ್ಯಾಸ ಇನ್ನೂ ಹೋಗಿಲ್ಲ. ದಾರಿ ಕೇಳಿದರೆ ಅವರ ಮೊದಲ ಮಾತೇ, ‘ಏನಲೇ ಅಳಿಯಾ, ಹಳಿ ಎಲ್ಲಿ ದಾಟ್ತಿ ಅದನ್ನ ಹೇಳು ಮೊದ್ಲು. ಉಳಿದಿದ್ದು ಆಮ್ಯಾಲೆ ನೋಡೋಣ.’

ಅಂದರೆ ಅವರು ಹೊರಟ ಜಾಗದಿಂದ ಒಂದೊಂದೇ ತಿರುವು ಯೋಚಿಸುವುದಿಲ್ಲ. ನಡುವಿನ ಕಷ್ಟದ ಜಾಗವನ್ನು ಮೊದಲು ತೀರ್ಮಾನ ಮಾಡುತ್ತಾರೆ. ಎರಡೂ ಕಡೆಯ ಗಲ್ಲಿಗಳು ಆಮೇಲೆ ತಾವಾಗಿ ಕೂಡಿಕೊಳ್ಳುತ್ತವೆ.

ಕಂಪ್ಯೂಟರಿನವರು ಇದನ್ನು ತಡವಾಗಿ ಕಲಿತರು ಅನ್ನಬೇಕು. 1959ರಲ್ಲಿ ಡಚ್ ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ ಪ್ರಕಟಿಸಿದ, ಹತ್ತಿರದ ದಾರಿ ಹುಡುಕುವ ವಿಧಾನ ಹೊರಟ ಜಾಗದಿಂದ ಸುತ್ತಲೂ ಹರಡುತ್ತಾ ಹೋಗುತ್ತದೆ. ಹತ್ತಿರದ ಮೂಲೆ, ಅದಕ್ಕಿಂತ ಸ್ವಲ್ಪ ದೂರದ ಮೂಲೆ, ಹೀಗೆ ಬೇಡದ ಗಲ್ಲಿಯನ್ನೂ ಬಿಡುವುದಿಲ್ಲ. ಉತ್ತರ ಸರಿ ಬರುತ್ತದೆ, ಆದರೆ ದೊಡ್ಡ ನಕ್ಷೆಯಲ್ಲಿ ಹೊತ್ತು ಹಿಡಿಯುತ್ತದೆ. 2008ರಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಬೇರೆ ಉಪಾಯ ಬಂತು. ಎಲ್ಲ ಮೂಲೆಗಳಿಗೂ ಮೊದಲೇ ಮೇಲು-ಕೆಳಗು ಅಂತ ಅಂತಸ್ತು ಕೊಟ್ಟುಬಿಡುವುದು. ಎರಡೂ ತುದಿಯಿಂದ ದೊಡ್ಡ ಮೂಲೆಗಳ ಕಡೆಗೆ ಮಾತ್ರ ಹತ್ತುತ್ತಾ ಬಂದು ನಡುವೆ ಸೇರುವುದು. ಓಎಸ್‌ಆರ್‌ಎಂ ಇದನ್ನೂ ಬಳಸುತ್ತದೆ. ನಮ್ಮ ಊರಿನಲ್ಲಿ ಹಳಿ ದಾಟುವ ಜಾಗಗಳೇ ಎಲ್ಲಕ್ಕಿಂತ ಮೇಲಿನ ಅಂತಸ್ತಿಗೆ ಹೋಗಿ ಕೂರಬೇಕು ಅಲ್ವಾ? ಮಾವನ ತಲೆಯಲ್ಲಂತೂ ಅವು ಅಲ್ಲೇ ಕೂತಿವೆ.

ಹಾಗಾದರೆ ಇಬ್ಬರ ಉತ್ತರ ಯಾಕೆ ಬೇರೆ? ಹುಡುಕುವ ರೀತಿ ಕಾರಣ ಅಲ್ಲ. ಹುಡುಕುವಾಗ ಕೈಯಲ್ಲಿರುವ ವೇಗದ ಲೆಕ್ಕ ಕಾರಣ.

ಹೊತ್ತಿಗೊಂದು ಕಡತ

ಓಎಸ್‌ಆರ್‌ಎಂ ಜೊತೆ ಬರುವ ಕಾರಿನ ಪ್ರೊಫೈಲಿನಲ್ಲಿ, ಅಂದರೆ ಯಾವ ರಸ್ತೆಗೆ ಎಷ್ಟು ವೇಗ ಅಂತ ಬರೆದ ನಿಯಮಗಳ ಕಡತದಲ್ಲಿ, ನಕ್ಷೆಯಲ್ಲಿ ಬೇರೆ ವೇಗ ಬರೆದಿರದಿದ್ದರೆ, ಪ್ರೈಮರಿ (ದೊಡ್ಡ ಮುಖ್ಯ) ರಸ್ತೆಗೆ ಗಂಟೆಗೆ 65 ಕಿ.ಮೀ., ಅದಕ್ಕಿಂತ ಕೆಳಗಿನ ದರ್ಜೆಯ ಸೆಕೆಂಡರಿಗೆ 55, ಮನೆ ಸಾಲಿನ ರಸ್ತೆಗೆ 25 ಅಂತ ಇದೆ. ಬೆಳಗಿನ ಹನ್ನೊಂದಕ್ಕೂ ಅದೇ, ನಡುರಾತ್ರಿಗೂ ಅದೇ. ಮಂಡಿಪೇಟೆಯಲ್ಲಿ ಲಾರಿಯಿಂದ ಮೂಟೆ ಇಳಿಸುವ ಹೊತ್ತಿಗೆ 25 ಅಂದರೆ ಮಾವ ನಗದೆ ಇರುತ್ತಾರಾ? ಮೊದಲು ಆಟೋಗೆ ಬೇರೆ ಪ್ರೊಫೈಲ್ ಮಾಡಿ ಗರಿಷ್ಠ ವೇಗ 40ಕ್ಕೆ ಇಳಿಸಿದೆ. ಅದರಿಂದ ಎಲ್ಲ ದಾರಿಯೂ ನಿಧಾನ ಆಯಿತೇ ಹೊರತು ಆಯ್ಕೆ ಅಷ್ಟೇನೂ ಬದಲಾಗಲಿಲ್ಲ.

ಕೆಲಸಕ್ಕೆ ಬಂದದ್ದು ಬೇರೆ ಸೌಲಭ್ಯ. ರಸ್ತೆಯ ತುಂಡು ತುಂಡಿಗೂ ವೇಗ ಬರೆದ ಸಿಎಸ್‌ವಿ (ಅಲ್ಪವಿರಾಮ ಹಾಕಿ ಬರೆದ ಸಾದಾ ಪಟ್ಟಿ) ಕಡತವನ್ನು ಓಎಸ್‌ಆರ್‌ಎಂಗೆ ಕೊಡಬಹುದು. ಒಂದು ಸಾಲಿನಲ್ಲಿ ಮೂರೇ ವಿಷಯ: ಯಾವ ಬಿಂದುವಿನಿಂದ, ಯಾವ ಬಿಂದುವಿಗೆ, ಗಂಟೆಗೆ ಎಷ್ಟು ಕಿ.ಮೀ. ಹೋಗುವ ದಿಕ್ಕಿಗೆ ಒಂದು ಸಾಲು, ಬರುವ ದಿಕ್ಕಿಗೆ ಇನ್ನೊಂದು. ಸೊನ್ನೆ ಬರೆದರೆ ಆ ತುಂಡು ಬಂದ್. ಇಡೀ ನಕ್ಷೆಯನ್ನು ಮತ್ತೆ ಕಟ್ಟುವ ಕೆಲಸ ಇಲ್ಲ, ಕಡತ ಬದಲಾಯಿಸಿ ಒಂದು ಹಂತ ಓಡಿಸಿದರೆ ಆಯಿತು.

ಈಗ ಹೊತ್ತಿಗೊಂದು ಕಡತ ಇದೆ. ಮಾರುಕಟ್ಟೆ ಹೊತ್ತು, ಶಾಲೆ ಬಿಡುವ ಹೊತ್ತು, ಸಂಜೆ, ರಾತ್ರಿ. ಮಾವನಿಗೆ ಕಿ.ಮೀ. ಲೆಕ್ಕ ಕೇಳಿದರೆ ಬೇಜಾರು. ಅದಕ್ಕೆ ‘ಸರಾಗ, ಮೆಲ್ಲಕ, ತಳ್ಳಾಟ, ಹೋಗಲೇಬ್ಯಾಡ’ ಅಂತ ನಾಲ್ಕು ದರ್ಜೆ ಮಾಡಿಕೊಂಡೆವು. ನಾಲ್ಕಕ್ಕೂ ನಾನು ಒಂದೊಂದು ಸಂಖ್ಯೆ ಹಾಕಿದ್ದೇನೆ. ಈ ದರ್ಜೆ ಹಾಕಿದ ಮೇಲೆ ಯಂತ್ರದ ದಾರಿ ಮಾವನ ದಾರಿಗೆ ಎಷ್ಟು ಹತ್ತಿರ ಬಂತೆಂದರೆ, ವಿದ್ಯಾರ್ಥಿ ಭವನ ಸರ್ಕಲ್ ತಪ್ಪಿಸಿಕೊಂಡು ಹೋಗುವ ಅವರ ಚಾಳಿಯನ್ನೂ ಅದು ಕಲಿತಿದೆ, ಅದೂ ಶಾಲೆ ಬಿಡುವ ಹೊತ್ತಿನಲ್ಲಿ ಮಾತ್ರ.

ಮಳೆಗೆ ಪ್ರತ್ಯೇಕ ಕಡತ. ಪಿ.ಬಿ. ರಸ್ತೆಯಿಂದ ಹಳೇ ಊರಿಗೆ ದಾಟುವ ಕೆಳಸೇತುವೆಯಲ್ಲಿ ನೀರು ನಿಂತರೆ ಅಲ್ಲಿ ಸೊನ್ನೆ. ಆಗ ಉಳಿದ ದಾಟುಗಳ ಮೇಲೆ ಬೀಳುವ ಒತ್ತಡಕ್ಕೂ ವೇಗ ಇಳಿಸಬೇಕು, ಇದು ಮಾವ ಹೇಳಿದ್ದು. ‘ಒಂದು ಕಡೆ ನೀರು ನಿಂತ್ರೆ ಇನ್ನೊಂದು ಕಡೆ ಜನ ನಿಲ್ತಾರೆ.’

ಇವನ್ನೆಲ್ಲ ಓಪನ್‌ಸ್ಟ್ರೀಟ್‌ಮ್ಯಾಪ್‌ಗೇ ಯಾಕೆ ಸೇರಿಸಬಾರದು ಅಂತ ಕೆಲವರು ಕೇಳಿದ್ದರು. ಸೇರಿಸುವ ಹಾಗಿಲ್ಲ. ಅಲ್ಲಿಗೆ ಹೋಗಬೇಕಾದದ್ದು ಇನ್ನೊಬ್ಬರು ಹೋಗಿ ನೋಡಿದರೂ ಕಾಣುವಂಥದ್ದು. ಒನ್‌ವೇ ಬೋರ್ಡ್, ಕಂಬ ನೆಟ್ಟು ಆಟೋ ಮಾತ್ರ ನುಸುಳುವಂತೆ ಮಾಡಿದ ಗಲ್ಲಿ, ಸರ್ಕಲ್‌ಗಳಿಗೆ ಜನ ಕರೆಯುವ ಹೆಸರು, ಇವೆಲ್ಲ ಹೋಗಿವೆ. ಬೆಳಿಗ್ಗೆ ರಸ್ತೆಗೆ ಬರುವ ಹಣ್ಣಿನ ಗಾಡಿ ಹೋಗಲ್ಲ. ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆಯೂ ಹೋಗಲ್ಲ. ಅದಕ್ಕೆ ನನ್ನ ಹತ್ತಿರ ಬೇರೆ ಕಡತ ಇಟ್ಟಿದ್ದೇನೆ. ದೇವಸ್ಥಾನದ ಸುತ್ತಲಿನ ರಸ್ತೆಗಳಿಗೆಲ್ಲ ಸೊನ್ನೆ, ಅಷ್ಟೇ.

ಉಪಗ್ರಹದ ಕಡೆಯ ಸುದ್ದಿ

ಇದರಲ್ಲಿ ಹೇಳುವಂಥದ್ದು ಕಡಿಮೆ. ಬಯಲಿನಲ್ಲಿ ಫೋನಿನ ಜಿಪಿಎಸ್ ಸುಮಾರು 5 ಮೀಟರ್ ಒಳಗೆ ಜಾಗ ಹೇಳುತ್ತದೆ. 20,200 ಕಿ.ಮೀ. ಎತ್ತರದಿಂದ ಬರುವ ಸಂಕೇತಕ್ಕೆ ಇದು ದೊಡ್ಡ ಮಾತೇ. ಆದರೆ ಚೌಕಿಪೇಟೆ, ಹಗೇದಿಬ್ಬ ಕಡೆ ಇಕ್ಕಟ್ಟಿನ ಬೀದಿಗಳಲ್ಲಿ ಸಂಕೇತ ಗೋಡೆಗೆ ಬಡಿದು ಬರುತ್ತದೆ. ಆಟೋ ಒಂದು ಗಲ್ಲಿಯಲ್ಲಿದ್ದರೆ ಫೋನಿನಲ್ಲಿ ಮೂಡುವ ಗೆರೆ ಪಕ್ಕದ ಗಲ್ಲಿಯಲ್ಲಿ ಓಡುತ್ತಿರುತ್ತದೆ. ಉಪಗ್ರಹದ ಸಂಕೇತ ಬರುವ ತರಂಗಗಳಲ್ಲಿ ಮಾಮೂಲಿ ಎಲ್1 ಜೊತೆಗೆ ಎಲ್5 ಅನ್ನುವುದನ್ನೂ ಹಿಡಿಯುವ ಫೋನನ್ನು ಗೆಳೆಯನ ಹತ್ತಿರ ಕಡ ತಂದು ನೋಡಿದೆ, ಗೆರೆ ಎಷ್ಟೋ ನೆಟ್ಟಗಾಯಿತು. ಜಿಪಿಎಸ್ ಥರದ್ದೇ ನಮ್ಮ ದೇಶದ ನಾವಿಕ್ ಉಪಗ್ರಹಗಳೂ ಎಲ್5ನಲ್ಲಿ ಸಂಕೇತ ಕಳಿಸುತ್ತವೆ.

ಪಿನ್ ಬೀಳುವ ಜಾಗ

ದಾರಿ ಸರಿ ಇದ್ದರೂ ಕೊನೆಯ ನೂರು ಮೀಟರ್ ಕೈ ಕೊಡುತ್ತದೆ. ಕಲ್ಯಾಣ ಮಂಟಪವೊಂದಕ್ಕೆ ಫೋನಿನ ಆ್ಯಪ್ ನಮ್ಮನ್ನು ಹಿಂದಿನ ಕಾಂಪೌಂಡ್ ಗೋಡೆ ಹತ್ತಿರ ಬಿಟ್ಟಿತು. ಕಾರಣ ಸರಳ. ಪಿನ್ ಕಟ್ಟಡದ ನಡುವೆ ಬಿದ್ದಿರುತ್ತದೆ. ಯಂತ್ರ ಅಲ್ಲಿಂದ ನೇರ ಗೆರೆಯಲ್ಲಿ ಯಾವ ರಸ್ತೆ ಹತ್ತಿರವೋ ಅದಕ್ಕೆ ಕರೆದೊಯ್ಯುತ್ತದೆ. ನಡುವೆ ಗೋಡೆ ಇದೆ ಅಂತ ಅದಕ್ಕೇನು ಗೊತ್ತು? ಮಾವ ಹತ್ತಿಸಿಕೊಳ್ಳುವಾಗಲೇ ಕೇಳುತ್ತಾರೆ, ‘ಮುಹೂರ್ತಕ್ಕೋ, ಊಟಕ್ಕೋ?’ ಊಟದ ಮನೆ ಗೇಟು ಬೇರೆ. ಆಸ್ಪತ್ರೆಯಾದರೆ ‘ತೋರಿಸೋಕೋ, ಅಡ್ಮಿಟ್ ಆದವರನ್ನ ನೋಡೋಕೋ?’ ಇದನ್ನೂ ನಕ್ಷೆಗೆ ಸೇರಿಸಬಹುದು, ಗೇಟು ಯಾರಿಗೆ ಬೇಕಾದರೂ ಕಾಣುತ್ತದಲ್ಲ. ಆಸ್ಪತ್ರೆ, ಮಂಟಪ, ಕಾಲೇಜುಗಳ ಗೇಟು ಗುರುತಿಸುತ್ತಾ ಬರುತ್ತಿದ್ದೇನೆ. ಇಡೀ ಯೋಜನೆಯಲ್ಲಿ ಬೇರೆಯವರಿಗೂ ಉಪಯೋಗ ಆಗುವ ಕೆಲಸ ಇದೊಂದೇ ಅಂತ ನನ್ನ ಅನಿಸಿಕೆ.

ಮಾವ ಸೋಲುವ ಕಡೆಗಳೂ ಇವೆ. ಶಾಮನೂರು ಆಚೆಯ, ಬಾತಿ ಕಡೆಯ ಹೊಸ ಲೇಔಟ್‌ಗಳಿಗೆ ಹೋದರೆ ಅವರೇ ಫೋನ್ ತೆಗೆಯುತ್ತಾರೆ. ಎಲ್ಲ ರಸ್ತೆಯೂ ಒಂದೇ ಅಗಲ, ಎಲ್ಲ ಮೂಲೆಯೂ ಒಂದೇ ಥರ. ಗುರುತಿಗೆ ಅಂಗಡಿ ಇಲ್ಲ, ಮರ ಇಲ್ಲ, ಕೇಳೋಕೆ ಜನ ಇಲ್ಲ. ‘3ನೇ ಮೇನ್ 5ನೇ ಕ್ರಾಸ್’ ಅನ್ನುವುದು ಎಷ್ಟು ಬಡಾವಣೆಯಲ್ಲಿದೆಯೋ! ಅಲ್ಲಿ ಉಪಗ್ರಹವೇ ಗತಿ. ಆ ಕಡೆಯ ಓಟಗಳಿಗೆ ನಾನು ಮಾವನ ಮಾತು ತೆಗೆದುಕೊಳ್ಳುತ್ತಿಲ್ಲ, ಅವರಿಗೂ ಬೇಸರ ಇಲ್ಲ.

ಸದ್ಯದ ತಲೆನೋವು ಸ್ಟ್ಯಾಂಡಿನ ಇನ್ನೊಬ್ಬ ಹಿರಿಯ ಚಾಲಕರು. ಸಂಜೆ ಹೊತ್ತಿನ ಕಡತ ನೋಡಿ, ಗಡಿಯಾರ ಕಂಬದ ಕಡೆಯಿಂದ ಬರುವ ದಾರಿಗೆ ಮಾವ ಹಾಕಿಸಿದ ‘ಮೆಲ್ಲಕ’ ಒಪ್ಪಲೇ ಇಲ್ಲ. ‘ನಿಮ್ಮ ಮಾವ ಆ ಕಡೆ ಹೋಗೋದೇ ಇಲ್ಲ, ಅವಂಗೇನು ಗೊತ್ತು’ ಅಂದರು. ಮಾವ ಚಹಾ ಲೋಟ ಕೆಳಗಿಟ್ಟರು. ಆಮೇಲಿನ ಮಾತು ಇಲ್ಲಿ ಬರೆಯುವಂಥದ್ದಲ್ಲ. ಇಬ್ಬರದ್ದೂ ಬೇರೆ ಬೇರೆ ಕಡತ ಮಾಡಿ, ಇಬ್ಬರ ಆಟೋದಲ್ಲೂ ಫೋನ್ ಇಟ್ಟು ಒಂದೇ ಹೊತ್ತಿಗೆ ಹೊರಡಿಸುವುದು ಅಂತ ತೀರ್ಮಾನ ಆಗಿದೆ. ಅದರ ಫಲಿತಾಂಶ ಮುಂದಿನ ಸಲ. ಎಪಿಎಂಸಿ, ಆವರಗೆರೆ ಕಡೆ ಗೂಡ್ಸ್ ಆಟೋ ಓಡಿಸುವವರು ಯಾರಾದರೂ ಓದುತ್ತಿದ್ದರೆ ತಿಳಿಸಿ. ಆ ಕಡೆಯ ಬೆಳಗಿನ ಹೊತ್ತಿನ ಕಡತ ಇನ್ನೂ ಖಾಲಿ ಇದೆ.