ಹಳೆಯ ಪಿನ್‌ಬಾಲ್ ಯಂತ್ರದ ಪವರ್ ಸಪ್ಲೈ ಬೋರ್ಡ್: ರಿಪೇರಿಯೋ, ಹೊಸದೋ?

ಚೆಂಡು ಚಿಮ್ಮಿಸಿ ಅಂಕ ಗಳಿಸುವ ಆಟದ ಹಳೆಯ ಪಿನ್‌ಬಾಲ್ ಯಂತ್ರ ಕೊಂಡವರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ: ನಲವತ್ತು ವರ್ಷ ದಾಟಿದ ಪವರ್ ಸಪ್ಲೈ ಬೋರ್ಡನ್ನು, ಎಂದರೆ ಯಂತ್ರದ ಭಾಗಗಳಿಗೆ ಬೇಕಾದ ವಿದ್ಯುತ್ ಸಿದ್ಧಪಡಿಸುವ ಸರ್ಕ್ಯೂಟ್ ಬೋರ್ಡನ್ನು, ರಿಪೇರಿ ಮಾಡಿ ಉಳಿಸಿಕೊಳ್ಳಬೇಕೇ, ತೆಗೆದು ಹೊಸದನ್ನು ಹಾಕಬೇಕೇ? ಬೋರ್ಡಿನ ವಯಸ್ಸನ್ನು ನೋಡಿ ಇದನ್ನು ತೀರ್ಮಾನಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಆ ಬೋರ್ಡ್ ಕೆಟ್ಟಾಗ ತನ್ನ ಜೊತೆಗೆ ಯಾವ ಭಾಗವನ್ನು ಹಾಳು ಮಾಡುತ್ತದೆ, ಹಾಗೆ ಹಾಳಾದದ್ದು ಇಂದು ಎಲ್ಲಿಯಾದರೂ ಸಿಗುತ್ತದೆಯೇ ಎಂಬುದನ್ನು ಮೊದಲು ನೋಡಬೇಕು.

ನಾನಿಲ್ಲಿ ಹೇಳುತ್ತಿರುವುದು 1977ರಿಂದ 1980ರ ದಶಕದ ಮಧ್ಯದವರೆಗೆ ಶಿಕಾಗೋ ಸುತ್ತಮುತ್ತ ತಯಾರಾದ ಯಂತ್ರಗಳ ವಿಷಯ. ಬ್ಯಾಲಿ, ವಿಲಿಯಮ್ಸ್, ಗಾಟ್ಲೀಬ್ ಕಂಪನಿಗಳು ರಿಲೇಗಳನ್ನು (ವಿದ್ಯುತ್ಕಾಂತದಿಂದ ನಡೆಯುವ ಸ್ವಿಚ್‌ಗಳನ್ನು) ಕೈಬಿಟ್ಟು ಮೈಕ್ರೊಪ್ರೊಸೆಸರ್ ಅಳವಡಿಸಿಕೊಂಡ ಕಾಲವದು. ಅಲ್ಲಿಂದ ಮುಂದೆ ಒಂದೇ ಯಂತ್ರದ ವಿದ್ಯುತ್ ವ್ಯವಸ್ಥೆ ಚಿಪ್‌ಗಳಿಗೆ 5 ವೋಲ್ಟ್, ಚೆಂಡನ್ನು ಚಿಮ್ಮಿಸುವ ಕಾಯಿಲ್‌ಗಳಿಗೆ ಹಲವು ಪಟ್ಟು ಹೆಚ್ಚಿನ ವೋಲ್ಟೇಜ್, ಅಂಕ ತೋರಿಸುವ ಡಿಸ್‌ಪ್ಲೇಗಳಿಗೆ ಅದಕ್ಕಿಂತಲೂ ಹೆಚ್ಚು, ಹೀಗೆ ಎಲ್ಲಕ್ಕೂ ವಿದ್ಯುತ್ ಒದಗಿಸಬೇಕಾಯಿತು.

ಗಾಟ್ಲೀಬ್ ಕಂಪನಿಯ ಮೊದಲ ಮೈಕ್ರೊಪ್ರೊಸೆಸರ್ ಪೀಳಿಗೆಯಾದ ಸಿಸ್ಟಂ 1 ಯಂತ್ರಗಳ ವಿಷಯದಲ್ಲಿ ನನಗೆ ಎರಡನೆಯ ಯೋಚನೆಯೇ ಇಲ್ಲ. ಹೊಸ ಬೋರ್ಡ್ ಹಾಕಿ. 1977ರ ಕ್ಲಿಯೋಪಾತ್ರಾ ಎಂಬ ಯಂತ್ರದಿಂದ ಆರಂಭವಾದ ಈ ಸರಣಿಯಲ್ಲಿ ರಾಕ್‌ವೆಲ್ ಕಂಪನಿಯ ಚಿಪ್‌ಗಳಿವೆ. ಅವುಗಳ ಸಾಲು ಸಾಲು ಕಾಲುಗಳನ್ನು ನೋಡಿ ಹವ್ಯಾಸಿಗಳು ಅವನ್ನು ಸ್ಪೈಡರ್ (ಜೇಡ) ಎಂದೇ ಕರೆಯುತ್ತಾರೆ. ಅವುಗಳಿಗೆ +5 ಮತ್ತು −12 ವೋಲ್ಟ್ ಎರಡೂ ಬೇಕು. ಪವರ್ ಸಪ್ಲೈಯಲ್ಲಿ 5 ವೋಲ್ಟನ್ನು ನಿಯಂತ್ರಿಸುವ ಟ್ರಾನ್ಸಿಸ್ಟರ್ ಶಾರ್ಟ್ ಆದರೆ ಅದರ ಹಿಂದಿನ ಹೆಚ್ಚಿನ ವೋಲ್ಟೇಜ್ ನೇರವಾಗಿ ಚಿಪ್‌ಗಳ ಮೇಲೆ ಬೀಳುತ್ತದೆ. ಈ ಚಿಪ್‌ಗಳ ತಯಾರಿಕೆ ನಿಂತು ದಶಕಗಳೇ ಕಳೆದಿವೆ, ಒಂದು ಸುಟ್ಟರೂ ಇಡೀ ಸಿಪಿಯು ಬೋರ್ಡನ್ನೇ ಬದಲಿಸುವ ಹೊತ್ತು ಬರಬಹುದು. ಇಂಥ ಚಿಪ್‌ಗಳ ಕಾವಲನ್ನು ವಿದ್ಯುತ್ ಹಿಡಿದಿಟ್ಟು ಏರಿಳಿತ ತಗ್ಗಿಸುವ, ಆದರೆ ಈಗ ಒಣಗಿದ ಕೆಪಾಸಿಟರ್‌ಗಳ ಕೈಗೆ ಒಪ್ಪಿಸುವುದು ನನಗೆ ಸರಿ ಕಾಣುವುದಿಲ್ಲ.

ವಿಲಿಯಮ್ಸ್‌ನ ಸಿಸ್ಟಂ 3ರಿಂದ 7ರವರೆಗಿನ ಯಂತ್ರಗಳಲ್ಲಿ, ಎಂದರೆ ಫ್ಲ್ಯಾಶ್, ಗೋರ್ಗರ್, ಫೈರ್‌ಪವರ್ ಮುಂತಾದವುಗಳಲ್ಲಿ, ಹಳೆಯ ಬೋರ್ಡನ್ನು ಉಳಿಸಿಕೊಳ್ಳುವುದೇ ಒಳ್ಳೆಯದು. ಅದರಲ್ಲಿರುವುದೆಲ್ಲ ಇಂದಿಗೂ ಸುಲಭವಾಗಿ ಸಿಗುವ ಬಿಡಿಭಾಗಗಳು. ಬದಲಿಸಲೇಬೇಕಾದದ್ದು 5 ವೋಲ್ಟ್ ವಿಭಾಗದ 12,000 ಮೈಕ್ರೊಫ್ಯಾರಡ್‌ನ ದೊಡ್ಡ ಕೆಪಾಸಿಟರ್. ಅದು ಒಣಗಿದರೆ ವಿದ್ಯುತ್ತಿನಲ್ಲಿ ಏರಿಳಿತ ಉಳಿದು, ಯಂತ್ರ ಆಟದ ನಡುವೆ ತಾನಾಗಿ ರೀಸೆಟ್ ಆಗುತ್ತದೆ. ಈ ಯಂತ್ರಗಳಲ್ಲಿ ಬೆಲೆಬಾಳುವುದು ಅನಿಲ ತುಂಬಿದ ಗಾಜಿನ ಡಿಸ್‌ಪ್ಲೇಗಳು. ಅವಕ್ಕೆ ಹೋಗುವ +100 ಮತ್ತು −100 ವೋಲ್ಟನ್ನು ಎರಡು ಝೀನರ್ ಡಯೋಡ್‌ಗಳು ನಿಗದಿ ಮಾಡುತ್ತವೆ. 100 ವೋಲ್ಟಿನ ಆ ಡಯೋಡ್‌ಗಳ ಜಾಗದಲ್ಲಿ 91 ವೋಲ್ಟಿನವನ್ನು ಬೆಸುಗೆ ಹಾಕಿದರೆ ಅಂಕಿಗಳ ಹೊಳಪಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣುವುದಿಲ್ಲ, ಗಾಜು ಮಾತ್ರ ಹೆಚ್ಚು ಕಾಲ ಬಾಳುತ್ತದೆ.

ಬ್ಯಾಲಿಯ ಯಂತ್ರಗಳಲ್ಲಿ ಜನ ದುಡ್ಡು ಕಳೆದುಕೊಳ್ಳುವುದು ತಪ್ಪು ಬೋರ್ಡ್ ಕೊಂಡು. ಅಲ್ಲಿ ವಿದ್ಯುತ್ ಎರಡು ಕಡೆ ಸಿದ್ಧವಾಗುತ್ತದೆ. ಟ್ರಾನ್ಸ್‌ಫಾರ್ಮರ್ ಪಕ್ಕದ, ಎಸಿಯನ್ನು ಡಿಸಿಗೆ ಬದಲಿಸುವ ರೆಕ್ಟಿಫೈಯರ್ ಬೋರ್ಡ್ ಸುಮಾರು 12, 43 ಮತ್ತು 230 ವೋಲ್ಟ್ ಡಿಸಿ ಕೊಡುತ್ತದೆ. ಆ 12 ವೋಲ್ಟನ್ನು 5ಕ್ಕೂ, 230 ವೋಲ್ಟನ್ನು ಸುಮಾರು 190ಕ್ಕೂ ಇಳಿಸಿ ಸ್ಥಿರಗೊಳಿಸುವುದು ಕಾಯಿಲ್‌ಗಳನ್ನು ನಡೆಸುವ ಸೊಲೆನಾಯ್ಡ್ ಡ್ರೈವರ್ ಬೋರ್ಡ್. 5 ವೋಲ್ಟ್ ಬರುತ್ತಿಲ್ಲವೆಂದು ಹೊಸ ರೆಕ್ಟಿಫೈಯರ್ ಬೋರ್ಡ್ ತರಿಸುವ ಮೊದಲು ಅದರ ಟೆಸ್ಟ್ ಪಾಯಿಂಟ್‌ನಲ್ಲಿ 12 ವೋಲ್ಟ್ ಇದೆಯೇ ಎಂದು ಮಲ್ಟಿಮೀಟರ್ ಹಿಡಿದು ನೋಡಿ. ಅಲ್ಲಿ ಇದ್ದರೆ ದೋಷ ಮುಂದೆ, ತಂತಿಗಳು ಬೋರ್ಡಿಗೆ ಸೇರುವ ಕನೆಕ್ಟರ್‌ನಲ್ಲೋ ಡ್ರೈವರ್ ಬೋರ್ಡಿನ ರೆಗ್ಯುಲೇಟರ್‌ನಲ್ಲೋ ಇದೆ. ಹಾಗೆಂದು ಸುಟ್ಟು ಕಪ್ಪಾದ ರೆಕ್ಟಿಫೈಯರ್ ಬೋರ್ಡನ್ನು ಉಳಿಸಿಕೊಳ್ಳಲು ಹೆಣಗಬೇಕಾಗಿಲ್ಲ. ಹೊಸದು ಸಿಗುತ್ತದೆ, ಹಾಕುವುದೇ ಜಾಣತನ.

ಬೋರ್ಡ್ ಯಾವುದೇ ಆಗಲಿ, ಕನೆಕ್ಟರ್ ಬದಲಿಸದೆ ಬೋರ್ಡ್ ಬದಲಿಸಿದರೆ ಮಾಡಿದ ಖರ್ಚು ವ್ಯರ್ಥ. ಆಟದ ಹಲಗೆಯನ್ನು ಬೆಳಗಿಸುವ 44ನೇ ನಂಬರಿನ ಪುಟ್ಟ ಬಲ್ಬ್ 6.3 ವೋಲ್ಟಿನಲ್ಲಿ 250 ಮಿಲಿಆಂಪಿಯರ್ ಎಳೆಯುತ್ತದೆ. ಅಂಥ ನಲವತ್ತು ಬಲ್ಬ್ ಉರಿದರೆ 10 ಆಂಪಿಯರ್ ಆಯಿತು, ಅಷ್ಟೂ ಕೆಲವೇ ಪಿನ್‌ಗಳ ಮೂಲಕ ಹರಿಯಬೇಕು. ಪ್ಲಗ್ ಕಿತ್ತು ನೋಡಿದರೆ ಬಿಳಿಯ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿರುತ್ತದೆ, ಒಳಗಿನ ಲೋಹದ ಹಿಡಿ ಸಡಿಲವಾಗಿರುತ್ತದೆ, ಬೋರ್ಡಿನ ಹಿಂಬದಿಯಲ್ಲಿ ಪಿನ್ನಿನ ಸುತ್ತ ಬೆಸುಗೆ ಉಂಗುರದಂತೆ ಬಿರುಕು ಬಿಟ್ಟಿರುತ್ತದೆ. ಸಡಿಲವಾದ ಹಿಡಿಗೆ ಹೊಸ ಪಿನ್ ತೂರಿಸಿದರೆ ಅದೂ ಬಿಸಿಯಾಗಿ ಸುಡುತ್ತದೆ. ಆದ್ದರಿಂದ ತಂತಿಯ ಕಡೆಯ ಟರ್ಮಿನಲ್‌ಗಳನ್ನೂ ಹೊಸದಾಗಿ ಕ್ರಿಂಪ್ ಮಾಡಿ (ಇಕ್ಕಳದಿಂದ ತಂತಿಗೆ ಅದುಮಿ ಕೂರಿಸಿ). ಪಿನ್ನನ್ನು ಮೂರು ಕಡೆಯಿಂದ ಹಿಡಿಯುವ ಟ್ರೈಫರ್ಕಾನ್ ಬಗೆಯವೇ ಇರಲಿ. ಬಲ್ಬ್‌ಗಳನ್ನು 150 ಮಿಲಿಆಂಪಿಯರ್‌ನ 47ನೇ ನಂಬರಿಗೆ ಬದಲಿಸಿದರೆ ಆ 10 ಆಂಪಿಯರ್ 6ಕ್ಕೆ ಇಳಿಯುತ್ತದೆ.

ಹೊಸ ಬೋರ್ಡ್ ಕೂರಿಸುವ ಮೊದಲು ಯಂತ್ರದ ಪ್ಲಗ್ಗನ್ನು ಗೋಡೆಯಿಂದ ಕೀಳಬೇಕು. ಡಿಸ್‌ಪ್ಲೇ ವಿಭಾಗದ ಕೆಪಾಸಿಟರ್‌ಗಳಲ್ಲಿ ಆನಂತರವೂ ವಿದ್ಯುತ್ ಉಳಿದಿರುತ್ತದೆ, ಅಳೆದು ನೋಡದೆ ಕೈ ಹಾಕಬಾರದು. ಫ್ಯೂಸ್‌ಗಳು ಯಂತ್ರದ ನಕ್ಷೆಯಲ್ಲಿ ಹೇಳಿದ ಆಂಪಿಯರ್‌ನವೇ ಇವೆಯೇ ಎಂದು ಒಂದೊಂದನ್ನೂ ತೆಗೆದು ಓದಿ, ಏಕೆಂದರೆ ಹಿಂದಿನವರು ಕೈಗೆ ಸಿಕ್ಕಿದ್ದನ್ನು ಹಾಕಿರುವುದು ಸಾಮಾನ್ಯ. ಮೊದಲು ಟ್ರಾನ್ಸ್‌ಫಾರ್ಮರ್ ಕಡೆಯ ಕನೆಕ್ಟರ್ ಮಾತ್ರ ಜೋಡಿಸಿ ಎಲ್ಲ ವೋಲ್ಟೇಜ್‌ಗಳನ್ನೂ ಅಳೆಯಿರಿ. 5 ವೋಲ್ಟ್ ಕೊಡುವ ಬೋರ್ಡ್ ಆಗಿದ್ದರೆ ಅದು 4.9 ಮತ್ತು 5.2ರ ನಡುವೆ ನಿಲ್ಲಬೇಕು. ಆನಂತರವೇ ಉಳಿದ ಕನೆಕ್ಟರ್‌ಗಳನ್ನು, ಪ್ರತಿ ಸಲವೂ ವಿದ್ಯುತ್ ಆರಿಸಿ, ಒಂದೊಂದಾಗಿ ಸೇರಿಸುತ್ತ ಹೋಗಿ. ಯಾವುದನ್ನು ಸೇರಿಸಿದಾಗ ಫ್ಯೂಸ್ ಹೋಯಿತೋ ದೋಷ ಆ ಸಾಲಿನಲ್ಲಿದೆ, ನಿಮ್ಮ ಹೊಸ ಬೋರ್ಡಿನಲ್ಲಿ ಅಲ್ಲ.